ಎಳನೀರೂ ಕೈಗತ್ತಿಯೂ

ಪಾನೀಯಗಳೆಲ್ಲವೂ ಪಾತ್ರೆಯನ್ನು ಬೇಡುವುವು. ಎಳನೀರೊಂದು ಮಾತ್ರ ಅಲಗನ್ನು ಬೇಡುವುದು. ಕಾಫಿಗೆ ಲೋಟ ಬೇಕು, ಮಜ್ಜಿಗೆಗೆ ಚೆಂಬು ಬೇಕು, ಅಂಬಲಿಗೆ ಬಟ್ಟಲು ಬೇಕು. ಎಳನೀರಿಗಾದರೋ ಪ್ರಕೃತಿಯೇ ಪಾತ್ರೆಯನ್ನು ಕೊಟ್ಟು, ಮುಚ್ಚಳವನ್ನು ಮಾತ್ರ ಭದ್ರವಾಗಿ ಬಿಗಿದು ಕಳುಹಿಸಿರುವಳು. ಆ ಮುಚ್ಚಳವನ್ನು ತೆಗೆಯಬೇಕಾದರೆ ಕಬ್ಬಿಣವೂ ಅದನ್ನು ಹಿಡಿಯಬಲ್ಲ ಕೈಯೂ ಕೂಡಿಬರಬೇಕು. ಕಳೆದ ಚೈತ್ರದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳನ್ನು ಬಸ್ಸಿನಲ್ಲಿ ಒಂದು ಸುತ್ತು ಸುತ್ತಿ ಬಂದೆನು. ಬಿಸಿಲ ಸೀಮೆ, ಇಳಿದಲ್ಲೆಲ್ಲ ಬಾಯಾರಿಕೆ. ಆದರೆ ನನ್ನ ಲಕ್ಷ್ಯವು ಕುಡಿದ ನೀರಿನಷ್ಟೇ ಅದನ್ನು ಕೆತ್ತಿಕೊಟ್ಟ ಕತ್ತಿಗಳ ಕಡೆಗೂ ಹರಿಯುತ್ತಿದ್ದಿತು.

ಇದಕ್ಕೆ ಸಂಸ್ಕೃತವೂ ಸ್ವಲ್ಪ ಕಾರಣ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ಚೂರಿಯ ಪರ್ಯಾಯಪದಗಳು ನೆನಪಿರುವುವು: ಶಸ್ತ್ರೀ, ಛುರಿಕಾ, ಅಸಿಪುತ್ರೀ, ಅಸಿಧೇನುಕಾ. ಅಸಿಪುತ್ರಿ ಎಂದರೆ ಖಡ್ಗದ ಮಗಳು. ಮಗಳೆಂಬುದು ಒಪ್ಪುವ ಮಾತೇ. ಅಸಿಧೇನುಕೆ ಎಂದು ಕತ್ತಿಗೆ ಹಸುವಿನ ಹೆಸರನ್ನು ಏಕೆ ಕೊಟ್ಟರೋ ಎಂದು ಶಾಲೆಯ ಹುಡುಗರು ನಗುತ್ತಿದ್ದರು. ಹಿರಿಯೂರಿನ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಿದರೆ ಈ ಹಸು ಕರೆಯುವುದು ಯಾವ ಹಾಲನ್ನೆಂಬುದು ಕೂಡಲೆ ತಿಳಿಯುವುದು. ವ್ಯಾಕರಣಪಾಠದಲ್ಲಿಯೂ ಹಾಗೆಯೆ. ಕ್ರಿಯೆಯು ಸಿದ್ಧಿಸುವುದಕ್ಕೆ ಎಲ್ಲಕ್ಕಿಂತಲೂ ಹೆಚ್ಚಾಗಿ ನೆರವಾಗುವುದು ಯಾವುದೋ ಅದು ಕರಣ ಎಂದು ಪಾಣಿನಿಯು ಲಕ್ಷಣವನ್ನು ಹೇಳಿದರೆ, ವೃತ್ತಿಕಾರರು ಅದಕ್ಕೆ ಮೊದಲು ಕೊಡುವ ಉದಾಹರಣೆಗಳು ಕುಡುಗೋಲು, ಕೊಡಲಿಗಳೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಉದಾಹರಣೆಯನ್ನು ಕಪ್ಪುಹಲಗೆಯ ಮೇಲೆ ಬರೆದವನಿಗೆ ಕತ್ತಿಯನ್ನು ಕಂಡರೆ ಕಣ್ಣು ನಿಲ್ಲುವುದರಲ್ಲಿ ಆಶ್ಚರ್ಯವೇನು!

ನನ್ನ ಸ್ವಂತದ ಕತ್ತಿ ಬಲು ಚಿಕ್ಕದು. ನಾಲ್ಕು ಬೆರಳುದ್ದದ ಅಲಗು, ಮರದ ಹಿಡಿ, ಎರಡು ಹಿತ್ತಾಳೆಯ ಮೊಳೆ. ಮಡಿಸಿದರೆ ಅಂಗಿಯ ಜೇಬಿನೊಳಗೆ ಅಡಗುವುದು. ಜಾತ್ರೆಯೊಂದರಲ್ಲಿ ಕೊಂಡದ್ದು. ಒಂದು ತಲೆಮಾರಿನ ಮಕ್ಕಳ ಸೀಸದ ಕಡ್ಡಿಗಳನ್ನು ಹೆರೆದಿದೆ, ಮಾವಿನ ಹಣ್ಣಿನ ಹೋಳು ಮಾಡಿದೆ, ರಾಮನವಮಿಯ ಪಾನಕಕ್ಕೆ ನಿಂಬೆಯ ಹಣ್ಣುಗಳನ್ನು ಕೊಯ್ದಿದೆ. ಕೊಡಗಿನವರ ಪೀಚೆಕತ್ತಿಯಂತೆ ಇದಕ್ಕೆ ಬೆಳ್ಳಿಯ ಒರೆಯಿಲ್ಲ, ಸೊಂಟದ ಪಟ್ಟಿಯಿಲ್ಲ. ಅಲ್ಲಿಯ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ಕಂಬಗಳನ್ನು ಕಡಿಯುವಂತೆ ಇದಕ್ಕೆ ಯಾವ ಮೆರವಣಿಗೆಯೂ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಜೇಬುಚಾಕೆಂಬುದು ಎಲೆಯಡಿಕೆಯ ಸಂಚಿ, ಸುಣ್ಣದ ಡಬ್ಬಿಗಳ ಜೊತೆಯಲ್ಲಿ ಮುದುಕರ ಬಳಿ ಇರುತ್ತಿದ್ದ ಒಂದು ಬಡ ಸಾಮಾನು. ಈಚೆಗೆ ಅದಕ್ಕೆ ಕಷ್ಟದ ಕಾಲ ಬಂದಿರುವುದು. ಮೆಟ್ರೋ ರೈಲಿನ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ, ವಿಮಾನದಲ್ಲಿ ಕೈಚೀಲದೊಳಗೆ ಸ್ಥಳವಿಲ್ಲ. ನಿಯಮವು ಸರಿಯಾದುದೇ, ಅದನ್ನು ಆಕ್ಷೇಪಿಸುವುದಿಲ್ಲ. ಬೆಂಗಳೂರಿಗೆ ಹೊರಡುವಾಗ ಚಾಕನ್ನು ಮನೆಯ ಗೂಡಿನಲ್ಲಿಟ್ಟು ಹೋಗುವೆನು. ದುರ್ಗದ ಬಸ್ಸಿಗೆ ಅಂಥ ನಿರ್ಬಂಧವೇನೂ ಇಲ್ಲವಾದುದರಿಂದ ಈ ಪ್ರವಾಸದಲ್ಲಿ ಅದು ನನ್ನೊಡನೆ ಬಂದಿತು.

ಚಿತ್ರದುರ್ಗದಲ್ಲಿ ಬಾಯಾರಿಕೆಗೂ ಇತಿಹಾಸವುಂಟು. ಏಳು ಸುತ್ತಿನ ಕೋಟೆಯನ್ನು ನೋಡುವವರು ಬಾಗಿಲುಗಳನ್ನೂ ಬತೇರಿಗಳನ್ನೂ ಎಣಿಸುತ್ತ ಹೋಗುವರು. ನನಗೆ ಅದರಲ್ಲಿ ದೊಡ್ಡದಾಗಿ ತೋರುವುದು ನೀರಿನ ಏರ್ಪಾಡು. ಮಳೆಯ ನೀರು ಬಂಡೆಗಳ ಮೇಲಿಂದ ಜಾರಿ ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಲ್ಲಿಂದ ಅಕ್ಕತಂಗಿಯರ ಹೊಂಡಕ್ಕಿಳಿದು, ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೂ ಸಾಗುವಂತೆ ಹಿಂದಿನವರು ದಾರಿಯನ್ನು ಮಾಡಿದ್ದರು. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿರುವುದು. ಬಂಡೆಯ ಮೇಲಿನ ಆ ಬರಹದ ವಿಷಯವೂ ಒಂದು ಕೆರೆಯೇ. ಓಬವ್ವನ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಆದರೆ ಆ ಕಥೆಯ ಮೊದಲನೆಯ ಮಾತು ನೀರೆಂಬುದನ್ನು ಅನೇಕರು ಮರೆಯುವರು. ಊಟಕ್ಕೆ ಕುಳಿತ ಗಂಡನಿಗೆ ಕುಡಿಯುವ ನೀರು ಬೇಕಾಯಿತು; ಅದನ್ನು ತರಲು ಹೋದವಳಿಗೆ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸಿಪಾಯಿಗಳ ಸದ್ದು ಕೇಳಿಸಿತು. ಕತ್ತಿಯನ್ನು ಹುಡುಕುವಷ್ಟು ಸಮಯವಿರಲಿಲ್ಲ, ಅಡುಗೆಮನೆಯ ಒನಕೆಯೇ ಸಾಕಾಯಿತು. ೧೭೭೯ರಲ್ಲಿ ಕೋಟೆ ಹೈದರನ ವಶವಾಯಿತಾದರೂ ಜನರ ನಾಲಗೆಯಲ್ಲಿ ಉಳಿದವಳು ನೀರು ತರಲು ಹೋದ ಹೆಂಗಸೇ.

ಕೋಟೆಯಿಂದಿಳಿದರೆ ಬಾಗಿಲ ಬಳಿ ನಿಂಬೆಯ ಷರಬತ್ತು, ಉಪ್ಪುಖಾರ ಹಚ್ಚಿದ ಸೌತೆಕಾಯಿ, ಎಳನೀರು. ಷರಬತ್ತಿನವನ ಚಾಕು ನನ್ನದರಷ್ಟೇ ಇದ್ದಿತು. ಉಜ್ಜಿ ಉಜ್ಜಿ ಅದರ ಅಲಗು ಮಾವಿನ ಎಲೆಯಂತೆ ಕಿರಿದಾಗಿದ್ದಿತು. ಇಲ್ಲಿ ಎಳನೀರನ್ನು ಕುಡಿಯದೆ ಹಿರಿಯೂರಿಗೆಂದು ಕಾದಿರಿಸಿಕೊಂಡೆನು.

ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು ೪೦ ಕಿಲೋಮೀಟರು. ಬೆಂಗಳೂರಿನಿಂದ ಬರುವ ಹೆದ್ದಾರಿಯ ಬದಿಯಲ್ಲಿ ಎಳನೀರಿನ ರಾಶಿಗಳು ಹಸಿರು ದಿಬ್ಬಗಳಂತೆ ಕಾಣಿಸುವುವು. ನಾನು ನಿಂತ ರಾಶಿಯ ಯಜಮಾನನಿಗೆ ಐವತ್ತರ ಮೇಲೆ ವಯಸ್ಸು. ಅವನ ಮಚ್ಚು ಮೊಳಕ್ಕೆ ಸ್ವಲ್ಪ ಕಡಿಮೆ. ತುದಿ ಕೊಂಚ ಬಾಗಿ, ಬೆನ್ನು ದಪ್ಪವಾಗಿ, ಬಾಯಿ ಬೆಳ್ಳಗೆ ಹೊಳೆಯುತ್ತಿದ್ದಿತು. ಉಳಿದ ಭಾಗವೆಲ್ಲ ಸಿಪ್ಪೆಯ ಒಗರಿಗೆ ಕಪ್ಪಾಗಿದ್ದಿತು. ಲಾರಿಯ ಹಳೆಯ ಪಟ್ಟಾ ತುಂಡನ್ನು ಊರಿನ ಕಮ್ಮಾರನು ಕಾಯಿಸಿ ಬಡಿದು ಮಾಡಿಕೊಟ್ಟದ್ದಂತೆ. ಇಂಥ ಕೆಲಸದಲ್ಲಿ ಕಷ್ಟವಾದದ್ದು ಬಡಿಯುವುದಲ್ಲ, ನೀರು ಕುಡಿಸುವುದು. ಕೆಂಪಗೆ ಕಾದ ಬಾಯಿಯನ್ನು ನೀರಿನಲ್ಲಿ ಅದ್ದಿ ಗಡಸು ಮಾಡುವಾಗ ಹದ ಹೆಚ್ಚಾದರೆ ಅಲಗು ಚಕ್ಕೆಯೇಳುವುದು, ಕಡಿಮೆಯಾದರೆ ಮಡಿಚುವುದು. ಕತ್ತಿಗೂ ನೀರು ಕುಡಿಸುವರೆಂಬ ನಮ್ಮ ಕಮ್ಮಾರರ ಮಾತು ಎಷ್ಟು ಸೊಗಸಾದುದು! ತಾನು ಮೊದಲು ಕುಡಿದು ಆಮೇಲೆ ನಮಗೆ ಕುಡಿಸುವುದು ಈ ಕಬ್ಬಿಣ.

ಅವನು ಕೆತ್ತಿದುದನ್ನು ಹತ್ತಿರದಿಂದ ನೋಡಿದೆನು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಮೊದಲ ಮೂರು ಏಟುಗಳು ಓರೆಯಾಗಿ ಬಿದ್ದು, ಪ್ರತಿ ಏಟಿಗೂ ಕಾಯಿ ಅಂಗೈಯಲ್ಲಿ ತಾನಾಗಿ ತಿರುಗಿ, ಸಿಪ್ಪೆಯು ಗೋಪುರದಾಕಾರಕ್ಕೆ ಬಂದಿತು. ನಾಲ್ಕನೆಯದು ಅಡ್ಡಲಾಗಿ, ಬಲು ಮೆಲ್ಲಗೆ. ತೆಳ್ಳನೆಯ ಬಿಳಿಯ ಪೊರೆ ಕಾಣಿಸಿದೊಡನೆ ಕೈ ನಿಂತಿತು. ಮಚ್ಚಿನ ಮೂಲೆಯಿಂದ ಒಂದು ತಿವಿತ, ಒಂದು ತಿರುವು. ಹನಿಯೂ ಚೆಲ್ಲಲಿಲ್ಲ. ಸೌದೆ ಒಡೆಯುವವನ ಕೊಡಲಿ ಆಚೆಗೆ ಹೋದರೆ ಜಯ; ಇವನ ಮಚ್ಚು ಒಳಗೆ ಹೋಗದೆ ನಿಂತರೆ ಜಯ. ಭಾರವಿಯ ಮಾತು ತೆಂಗಿನ ಕಾಯಿಯಂಥದು, ಅದನ್ನು ಒಡೆದು ಒಳಗಣ ರಸವನ್ನು ರಸಿಕರಿಗೆ ಕೊಡುವೆನೆಂದು ಮಲ್ಲಿನಾಥನು ಕಿರಾತಾರ್ಜುನೀಯದ ವ್ಯಾಖ್ಯಾನಾರಂಭದಲ್ಲಿ ಹೇಳಿಕೊಂಡಿರುವನು. ವ್ಯಾಖ್ಯಾನಕಾರರಲ್ಲಿ ಹಲವರು ಕಾಯಿಯೊಡನೆ ನೀರನ್ನೂ ಚೆಲ್ಲಿಬಿಡುವುದನ್ನು ಕಂಡ ನನಗೆ ಹಿರಿಯೂರಿನ ಈ ಮನುಷ್ಯನ ಕೈಯಲ್ಲಿ ಮಲ್ಲಿನಾಥನ ಹದವು ಕಾಣಿಸಿತೆಂದರೆ ಪಂಡಿತರು ಕೋಪಿಸಿಕೊಳ್ಳಬಾರದು.

ಅವನು ಕಾಗದದ ಕೊಳವೆಯೊಂದನ್ನು ಮುಂದಕ್ಕೆ ಚಾಚಿದನು. ೨೦೨೨ರ ಜುಲೈಯಿಂದ ಪ್ಲಾಸ್ಟಿಕ್ಕಿನ ಕೊಳವೆಗಳಿಗೆ ದೇಶದಲ್ಲೆಲ್ಲ ನಿಷೇಧವಾಗಿರುವುದಷ್ಟೆ. ನಾನು ಅದನ್ನು ಒಲ್ಲೆನೆಂದು ಕಾಯನ್ನೇ ಎತ್ತಿ ಕುಡಿದೆನು. ಎಳನೀರಿಗೆ ತುಟಿ ತಗಲಬೇಕು. ಗಲ್ಲದ ಮೇಲೆ ಒಂದು ಹನಿ ಇಳಿಯಬೇಕು. ಇಳಿದ ಹನಿ ಪಂಚೆಯ ಮೇಲೆ ಬೀಳಬಾರದು ಅಷ್ಟೆ, ಏಕೆಂದರೆ ಆ ಕಲೆಯು ಮೊದಲು ಕಾಣಿಸದೆ ಆಮೇಲೆ ಕಂದುಬಣ್ಣಕ್ಕೆ ತಿರುಗಿ ಯಾವ ಸಾಬೂನಿಗೂ ಜಗ್ಗುವುದಿಲ್ಲವೆಂಬುದನ್ನು ಗೃಹಿಣಿಯರು ಬಲ್ಲರು. ಕುಡಿದಾದ ಮೇಲೆ ಅವನು ಕಾಯನ್ನು ಎರಡು ಹೋಳು ಮಾಡಿ, ಸಿಪ್ಪೆಯ ಚೂರಿನಿಂದ ಚಮಚವನ್ನು ಮಾಡಿಕೊಟ್ಟನು. ನಾನು ಜೇಬಿನ ಚಾಕನ್ನು ತೆಗೆದು ಅದರಿಂದಲೇ ಗಂಜಿಯನ್ನು ಬಿಡಿಸಿ ತಿಂದೆನು. ನನ್ನ ಚಾಕನ್ನು ಕಂಡು ಅವನಿಗೆ ಸಲಿಗೆ ಹುಟ್ಟಿತು. ಅದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದನು. ಕೊಡಲು ಹೋದರೆ ಕೈಗೆ ತೆಗೆದುಕೊಳ್ಳಲಿಲ್ಲ. ಹಲಗೆಯ ಮೇಲೆ ಇಡಿಸಿ ಆಮೇಲೆ ಎತ್ತಿಕೊಂಡನು. ಕತ್ತಿ ಕೈಯಿಂದ ಕೈಗೆ ಹೋದರೆ ಜಗಳವೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಇನ್ನೂ ಜೀವದಿಂದಿರುವುದು.

ಅನಂತರ ತನ್ನ ಕಥೆಯನ್ನು ಹೇಳಿದನು. ರಾಶಿಯಲ್ಲಿದ್ದ ಕಾಯಿಗಳೊಂದೂ ಅವನ ತೋಟದವಲ್ಲ. ಅವನಿಗೂ ತಂದೆಯ ಕಾಲದ ಎರಡೆಕರೆ ತೆಂಗು ಇದ್ದಿತು. ೨೦೧೬, ೨೦೧೭ರ ಸುಮಾರಿನ ಬರಗಾಲಗಳಲ್ಲಿ ಕೊಳವೆಬಾವಿ ಒಂದಾದ ಮೇಲೊಂದು ಬತ್ತಿ, ಮರಗಳು ಮೊದಲು ಗರಿ ಇಳಿಬಿಟ್ಟು, ಆಮೇಲೆ ಸುಳಿಯೊಣಗಿ, ಕೊನೆಗೆ ಬರಿಯ ಕಂಬಗಳಾಗಿ ನಿಂತುವು. ಆ ವರ್ಷಗಳಲ್ಲಿ ಹಿರಿಯೂರಿನ ಸುತ್ತ ಸಂಚರಿಸಿದವರು ತಲೆಯಿಲ್ಲದ ತೋಪುಗಳನ್ನು ಮರೆಯಲಾರರು. “ಕಡಿದು ಹಾಕೋವಾಗ ಈ ಮಚ್ಚು ಮುಟ್ಲಿಲ್ಲ ಸ್ವಾಮಿ, ಕೂಲಿಯವ್ರ ಕೈಲಿ ಗರಗಸದಲ್ಲಿ ಕುಯ್ಸಿದೆ” ಎಂದನು. ಮಚ್ಚು ಅಪ್ಪನದು; ಅಪ್ಪನು ನೆಟ್ಟ ಮರಕ್ಕೆ ಅದನ್ನು ಎತ್ತಲು ಅವನಿಗೆ ಮನಸ್ಸಾಗಲಿಲ್ಲ.

ಹಿರಿಯೂರಿನ ತೆಂಗಿನ ಭಾಗ್ಯವೆಲ್ಲ ವಾಣೀವಿಲಾಸ ಸಾಗರದೊಡನೆ ಗಂಟುಬಿದ್ದಿರುವುದು. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟಿದ ವೇದಾ, ಅವತಿ ಎಂಬೆರಡು ಹೊಳೆಗಳು ಕೂಡಿ ವೇದಾವತಿಯಾಗಿ ಹರಿದು ಬಂದು ಮಾರಿಕಣಿವೆಯಲ್ಲಿ ಎರಡು ಬೆಟ್ಟಗಳ ನಡುವೆ ನುಸುಳುವುದು. ಅಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು ೧೯೦೭ರಲ್ಲಿ ಪೂರ್ಣವಾಯಿತು; ೧೮೯೪ರಿಂದ ೧೯೦೨ರವರೆಗೆ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣೀವಿಲಾಸ ಸನ್ನಿಧಾನವೆಂಬ ಬಿರುದೇ ಅದರ ಹೆಸರಾಯಿತು. ೧೩೦ ಅಡಿಯ ಮಟ್ಟಕ್ಕೆ ತುಂಬಿ ಕೋಡಿ ಬಿದ್ದದ್ದು ೧೯೩೩ರಲ್ಲಿ. ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ. ನಡುವೆ ೮೯ ವರ್ಷ! ಅಜ್ಜನು ಕಂಡದ್ದನ್ನು ಮಗನು ಕಾಣದೆ ಮೊಮ್ಮಗನು ಕಂಡನು. ಆ ದಿನಗಳಲ್ಲಿ ಜನರು ಹರಿಯುವ ನೀರನ್ನು ನೋಡುವುದಕ್ಕೆಂದು ಸಂಸಾರಸಮೇತರಾಗಿ ಬಂದರು. ೨೦೨೫ರ ಜನವರಿಯಲ್ಲಿ ಮೂರನೆಯ ಸಲ ತುಂಬಿ ಹರಿಯಿತು. ಭದ್ರಾ ಮೇಲ್ದಂಡೆಯ ನೀರು ಬಂದು ಸೇರಿದುದೂ ಇದಕ್ಕೆ ನೆರವಾಗಿರುವುದು.

ನಮ್ಮ ಎಳನೀರಿನವನು ೨೦೨೨ರ ಆ ಕೋಡಿಯನ್ನು ನೋಡಿ ಬಂದ ಮರುವರ್ಷವೇ ಸಸಿಗಳನ್ನು ನೆಟ್ಟನಂತೆ. ನಾಡತೆಂಗು, ಫಲಕ್ಕೆ ಆರೇಳು ವರ್ಷ ಬೇಕು. ಅಲ್ಲಿಯವರೆಗೆ ಪರರ ತೋಟದ ಕಾಯಿ, ಅಪ್ಪನ ಮಚ್ಚು. ಮಗನು ಬೆಂಗಳೂರಿನಲ್ಲಿ ಕಾರು ನಡೆಸುತ್ತಿರುವನು. ಕಾಯಿ ಕೆತ್ತುವುದು ಅವನಿಗೆ ಬರುವುದಿಲ್ಲ.

ಬರದ ನಾಡು ತನ್ನ ನೀರನ್ನು ಕಾಯಿಯಲ್ಲಿ ತುಂಬಿ ಲಾರಿಗಟ್ಟಲೆ ದೂರದ ಊರುಗಳಿಗೆ ಕಳುಹಿಸುವುದು ನ್ಯಾಯವೇ ಎಂದು ಕೇಳುವವರುಂಟು. ಮೇಷ್ಟರ ಅಭ್ಯಾಸದಂತೆ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆನು. ಕಾಯಿಗೆ ೩೦೦ ಮಿಲಿಲೀಟರು ಎಂದಿಟ್ಟುಕೊಂಡರೆ ೫,೦೦೦ ಕಾಯಿಗಳ ಹೇರಿನಲ್ಲಿ ೧,೫೦೦ ಲೀಟರು. ಅದು ಒಂದು ಟ್ಯಾಂಕರಿನಷ್ಟೂ ಅಲ್ಲ. ಖರ್ಚಿರುವುದು ಕಾಯಿಯಲ್ಲಲ್ಲ, ಬುಡದಲ್ಲಿ. ಫಲ ಬಿಡುವ ಮರಕ್ಕೆ ಬೇಸಿಗೆಯಲ್ಲಿ ಹನಿಹನಿಯಾಗಿ ಕೊಟ್ಟರೂ ದಿನಕ್ಕೆ ನಲವತ್ತು ಐವತ್ತು ಲೀಟರು ಬೇಕು. ಹಾಯಿಸಿ ಕಟ್ಟಿದರೆ ಇದಕ್ಕಿಂತ ಬಹಳ ಹೆಚ್ಚು. ಆದುದರಿಂದ ಲಾರಿಯನ್ನು ದೂರುವವರು ಮೊದಲು ಕಾಲುವೆಯನ್ನು ನೋಡಬೇಕೆಂದು ನನಗೆ ತೋರುವುದು. ತುಂಬಿದ ಕೆರೆಯನ್ನು ಕಂಡು ಹಳೆಯ ದುಂದಿಗೆ ಮರಳಿದರೆ ಇಂದು ನೆಟ್ಟ ಸಸಿಗಳೂ ಅಂದಿನ ತೋಪುಗಳ ದಾರಿಯನ್ನೇ ಹಿಡಿದಾವು.

ಹೊಸದುರ್ಗದಲ್ಲಿ ತೆಂಗಿನ ಮಾತೇ ಬೇರೆ. ಅಲ್ಲಿಯವರು ಎಳನೀರಿಗೆ ಕಾಯಿ ಕೀಳುವುದನ್ನು ಒಂದು ಬಗೆಯ ಆತುರವೆಂದು ಎಣಿಸುತ್ತಿದ್ದರು. ಅವರದು ಕೊಬ್ಬರಿಯ ಸೀಮೆ. ಏಳು ತಿಂಗಳಿಗೆ ಎಳನೀರಾಗುವ ಕಾಯಿ ಹನ್ನೆರಡು ತಿಂಗಳಿಗೆ ಬಲಿಯುವುದು; ಅದನ್ನು ಅಟ್ಟದ ಮೇಲೆ ಹಾಕಿ ಮತ್ತೆ ಸುಮಾರು ಒಂದು ವರ್ಷ ಕಾದರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡನೆ ಸದ್ದಾಗುವುದು. ಅದೇ ಉಂಡೆ ಕೊಬ್ಬರಿ. ಅಂದರೆ ಒಂದೇ ಕಾಯಿಯನ್ನು ಇಂದು ಮಚ್ಚಿಗೆ ಕೊಡಬಹುದು, ಇಲ್ಲವೆ ಒಂದೂವರೆ ವರ್ಷ ಕಾಯಬಹುದು. ನಾನು ಇಳಿದುಕೊಂಡಿದ್ದ ಮನೆಯ ಹಿರಿಯರೊಡನೆ ಇದನ್ನು ಕುರಿತು ಮಾತು ಬಂದಾಗ ಅವರು, “ಕೊಬ್ರಿಗೆ ಬಿಟ್ರೆ ವರ್ಷಗಟ್ಲೆ ಕಾಯ್ಬೇಕು ಮೇಷ್ಟ್ರೇ, ಸಾಲ ಕೊಟ್ಟವ್ರು ಕಾಯ್ತಾರಾ?” ಎಂದು ನಕ್ಕರು. ಅವರ ಅಟ್ಟದಲ್ಲಿ ಈ ವರ್ಷ ಕಾಯಿ ಅರ್ಧಕ್ಕಿಂತ ಕಡಿಮೆ. ಅಟ್ಟ ಬರಿದಾದುದನ್ನು ಅವರ ಹೆಂಡತಿ ಮಾತ್ರ ಎರಡು ಸಲ ಹೇಳಿದರು. ಆ ಮನೆಯ ಮಕ್ಕಳ ಮದುವೆಗಳೆಲ್ಲ ಆ ಅಟ್ಟದಿಂದಲೇ ಇಳಿದು ಬಂದಿದ್ದುವಂತೆ.

ಅದೇ ತಾಲ್ಲೂಕಿನ ಸಾಣೇಹಳ್ಳಿಯು ಈಗ ನಾಡಿನಲ್ಲೆಲ್ಲ ನಾಟಕಗಳಿಗೆ ಪ್ರಸಿದ್ಧವಾದ ಊರು. ಕತ್ತಿಯ ವಿಚಾರವನ್ನೇ ತಲೆಯಲ್ಲಿ ತುಂಬಿಕೊಂಡಿದ್ದ ನನಗೆ ಆ ಹೆಸರು ಕೇಳಿದೊಡನೆ ಸಾಣೆಯ ಕಲ್ಲು ನೆನಪಾಯಿತು. ಮನೆಯ ಹಿರಿಯರು ತಮ್ಮ ಕುಡುಗೋಲನ್ನು ಹಿತ್ತಿಲ ಕಲ್ಲಿನ ಮೇಲೆ ನೀರು ಚಿಮುಕಿಸಿ ಮಸೆಯುತ್ತಿದ್ದರು. ನನ್ನ ಚಾಕಿಗೂ ಆ ಭಾಗ್ಯ ದೊರೆಯಿತು. ಅಲಗನ್ನು ಕಲ್ಲಿಗೆ ಒಂದೇ ಓರೆಯಲ್ಲಿಟ್ಟು, ಎರಡು ಮಗ್ಗುಲಿಗೂ ಸಮನಾಗಿ ಎಳೆಯಬೇಕು; ಒತ್ತಬಾರದು. ಮಸೆದ ಮೇಲೆ ಒರಸಿ, ಕೊಬ್ಬರಿಯೆಣ್ಣೆಯ ತೊಟ್ಟನ್ನು ಸವರಿದರೆ ಮಳೆಗಾಲದಲ್ಲಿಯೂ ತುಕ್ಕು ಹಿಡಿಯದು. ಎಳನೀರು ಕೆತ್ತಿದ ಕತ್ತಿಯನ್ನು ತೊಳೆಯದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪು ಹತ್ತುವುದು. ಮರವು ಕೊಟ್ಟ ಕೇಡಿಗೆ ಮದ್ದನ್ನೂ ಮರವೇ ಕೊಟ್ಟಿರುವುದು ನೋಡಿರಿ.

ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ತೆಂಗಿನ ನಡುವೆ ಅಡಿಕೆ ತಲೆಯೆತ್ತುವುದು. ಊರಿನಲ್ಲಿ ಮೊದಲು ಬಯಲು ಗಣಪತಿಯ ದರ್ಶನ. ಗರ್ಭಗುಡಿಯ ಕತ್ತಲೆಯನ್ನು ಒಲ್ಲದೆ ಬಿಸಿಲು ಗಾಳಿಗಳಲ್ಲಿ ಕುಳಿತ ಈ ದೊಡ್ಡ ಮೂರ್ತಿಯ ಹೊಟ್ಟೆಯನ್ನು ನೋಡಿದರೆ ಎಳನೀರು ಎಷ್ಟಾದರೂ ಸಾಲದೆಂದು ತೋರುವುದು. ಅಲ್ಲಿಂದ ಪರಿಚಯದವರ ತೋಟದ ಮನೆಗೆ ಹೋದೆನು. ಈ ಭಾಗದ ಹೆಂಗಸರು ಕತ್ತಿಯಲ್ಲಿ ಗಂಡಸರಿಗಿಂತ ನಿಪುಣರು. ಅಡಿಕೆಯ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು, ಕಾಲಿನಿಂದ ಮಣೆಯನ್ನು ಮೆಟ್ಟಿ, ಮೇಲ್ಮೊಗವಾದ ಅಲಗಿಗೆ ಹಸಿ ಅಡಿಕೆಯನ್ನೊತ್ತಿ ರಾತ್ರಿಯೆಲ್ಲ ಸುಲಿಯುವರು. ಮಾತು ನಿಲ್ಲದು, ಬೆರಳು ಕೊಯ್ಯದು. ಈಗ ಸುಲಿಯುವ ಯಂತ್ರಗಳು ಬಂದಿರುವುವು. ಬೆರಳುಗಳಿಗೆ ಸುಖವಾಯಿತೆಂದು ಮನೆಯ ಅಜ್ಜಿ ಒಪ್ಪಿದರು. ಅದರಲ್ಲಿ ನನಗೂ ವ್ಯಸನವಿಲ್ಲ.

ಆ ಮನೆಯಲ್ಲಿ ಅತಿಥಿಗೆ ಕಾಫಿ ಎರಡನೆಯದು. ಮೊದಲು ತೋಟದ ಎಳನೀರು. ಅದನ್ನು ಆಳಿನ ಕೈಯಿಂದ ಕೊಡಿಸದೆ ಮನೆಯವರೇ ಕೆತ್ತಿಕೊಡಬೇಕೆಂಬುದು ಅವರ ಪದ್ಧತಿ. ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗ, ಆಯುರ್ವೇದಗಳನ್ನು ಬೆಳೆಸಿ ೧೯೯೬ರಲ್ಲಿ ಕಾಲವಾದ ರಾಘವೇಂದ್ರ ಸ್ವಾಮಿಗಳ ಪ್ರಭಾವವೋ ಏನೋ, ಇಲ್ಲಿ ಮಾತು ಸುಲಭವಾಗಿ ಪಥ್ಯದ ಕಡೆಗೆ ತಿರುಗುವುದು. ನಾರಿಕೇಲೋದಕವು ಶೀತ, ಹೃದ್ಯ, ಮೂತ್ರಶೋಧಕ ಎಂದು ವೈದ್ಯಗ್ರಂಥಗಳು ಹೊಗಳಿರುವುದು ನಿಜ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ಕುಡಿಯಬಾರದೆಂಬುದನ್ನು ಮನೆಗಳಲ್ಲಿ ತಿಳಿದಿರುವುದು ಒಳ್ಳೆಯದು. ಆ ಮನೆಯ ಯಜಮಾನರು ಅದೇ ಕಾರಣದಿಂದ ನಾನು ಕುಡಿಯುವುದನ್ನು ಮಜ್ಜಿಗೆಯ ಲೋಟ ಹಿಡಿದು ನೋಡುತ್ತ ಕುಳಿತಿದ್ದರು. ಎಪ್ಪತ್ತು ವರ್ಷ ತಮ್ಮ ಮರದ ನೀರನ್ನೇ ಕುಡಿದವರು.

ಈ ಸಲ ಕೆತ್ತುವ ಸರದಿ ಮೊಮ್ಮಗನದು. ಹನ್ನೆರಡು ವರ್ಷದ ಹುಡುಗ. ರಜೆಗೆ ದಾವಣಗೆರೆಯಿಂದ ಬಂದಿದ್ದನು. ಅಜ್ಜಿ ಕತ್ತಿಯನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿದರು, ಅವನು ಎತ್ತಿಕೊಂಡನು. ಎಡಗೈ ಬೆರಳುಗಳನ್ನು ಕಾಯಿಯ ಕೆಳಗೆ ಮಡಿಸಿಡಬೇಕೆಂದು ಮೊದಲೇ ಹೇಳಿ, ಕಾಯನ್ನು ಕೈಯಲ್ಲಿ ಹಿಡಿಸದೆ ಮರದ ತುಂಡಿನ ಮೇಲಿರಿಸಿ ಕೆತ್ತಿಸಿದರು. ಹಿರಿಯೂರಿನಲ್ಲಿ ನಾಲ್ಕು ಏಟಿನ ಕೆಲಸ, ಇವನಿಗೆ ಹನ್ನೊಂದಾಯಿತು. ಹನ್ನೊಂದನೆಯದು ನಿಲ್ಲಬೇಕಾದಲ್ಲಿ ನಿಲ್ಲದೆ ಒಳಗಿಳಿದು ಕಾಲುಪಾಲು ನೀರು ಜಗಲಿಯ ಪಾಲಾಯಿತು. ಯಜಮಾನರು ಏನೋ ಹೇಳಹೋದರು. ಅಜ್ಜಿ ಕಣ್ಣಿನಿಂದಲೇ ತಡೆದರು. ಉಳಿದುದನ್ನು ನಾನು ಕುಡಿದೆನು. ಸಿಪ್ಪೆಯ ಚೂರುಗಳು ತೇಲುತ್ತಿದ್ದುವು. ರುಚಿ ಚೆನ್ನಾಗಿಯೇ ಇದ್ದಿತು. ಚಿತ್ರದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ನಿಂತಾಗ ಹುಡುಗನು ಯಾರನ್ನೂ ಕೇಳದೆ ಎರಡನೆಯ ಕಾಯನ್ನು ತುಂಡಿನ ಮೇಲಿಟ್ಟಿದ್ದನು.